ನೀರಿನ ಹಿಂದೆ ಎರಡು ದಿನ: ಬಟಾಡ್ ಗದ್ದೆಗಳಿಗೆ ಒಂದು ವೀಕೆಂಡ್ ಪ್ಲ್ಯಾನ್

ನಮ್ಮ ದೊಡ್ಡಪ್ಪನ ಮಗ, ಅಂದ್ರೆ ನನ್ನ ಅಣ್ಣ, ಎರಡು ವರ್ಷದಿಂದ ಕೆಲಸದ ಮೇಲೆ ಫಿಲಿಪೈನ್ಸ್‌ನ ಮನಿಲಾದಲ್ಲಿದ್ದಾನೆ. ಮಾರ್ಚ್‌ನಲ್ಲಿ ಒಂದಿನ ಅವನ ಮೆಸೇಜ್ ಬಂತು: "ಇಲ್ಲಿ ಬೆಟ್ಟದ ಮೇಲಿನ ಭತ್ತದ ಗದ್ದೆ ನೋಡ್ಬೇಕು. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ಆಫೀಸಿಗೆ ವಾಪಸ್ ಬರಬೇಕು. ನೀನು ಸಿವಿಲ್ ತಾನೆ, ಪ್ಲ್ಯಾನ್ ಮಾಡ್ಕೊಡು ಮಾರಾಯ."

ಸಿವಿಲ್‌ಗೂ ಟ್ರಿಪ್ ಪ್ಲ್ಯಾನಿಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದೆ. ಎರಡು ದಿನಕ್ಕೆ ಏಳು ಜಾಗ, ಪ್ರತಿ ಜಾಗಕ್ಕೆ ಒಂದೂವರೆ ಗಂಟೆ. ಅಣ್ಣ ನೋಡಿ, "ಇದು ಟ್ರಿಪ್ಪಾ, ಪೋಸ್ಟ್‌ಮ್ಯಾನ್ ಡ್ಯೂಟಿಯಾ?" ಅಂದ.

ಎರಡನೇ ಸಲ ಸರಿಯಾಗಿ ಕೂತು ಓದಿದೆ. ಆಗ ನನ್ನ ತಪ್ಪು ಗೊತ್ತಾಯ್ತು. ನಾನು ಆ ಗದ್ದೆಗಳನ್ನ ವ್ಯೂ ಪಾಯಿಂಟ್ ಅಂದ್ಕೊಂಡಿದ್ದೆ. ಅವು ಅದಲ್ಲ. ಬೆಟ್ಟದ ಮೇಲಿನ ನೀರನ್ನ ಅವಸರ ಇಲ್ಲದೆ, ಮಣ್ಣು ಕೊಚ್ಚಿಕೊಂಡು ಹೋಗದ ಹಾಗೆ ಕೆಳಗಿನ ಹೊಳೆವರೆಗೆ ಇಳಿಸುವ ಒಂದು ದೊಡ್ಡ ವ್ಯವಸ್ಥೆ ಅವು, ಇವತ್ತಿಗೂ ಕೆಲಸ ಮಾಡ್ತಾ ಇರುವ ವ್ಯವಸ್ಥೆ. ಆದ್ದರಿಂದ ನೀರು ಹೋಗುವ ದಾರಿಯಲ್ಲೇ ನಾವೂ ಹೋಗ್ಬೇಕು: ಮೊದಲು ಕಾಡು, ಆಮೇಲೆ ಕಾಲುವೆ, ಆಮೇಲೆ ಗದ್ದೆ, ಗೋಡೆ, ಕೊನೆಗೆ ಹೊಳೆ. ಹಾಗೆ ನೋಡೋದಾದ್ರೆ ಏಳು ಜಾಗ ಬೇಡ, ಒಂದೇ ಊರು ಸಾಕು. ಎರಡು ದಿನವೂ ಸಾಕು.

ಈ ಲೇಖನ ಆ ಎರಡನೇ ಪ್ಲ್ಯಾನ್. ನಿಮ್ಮಲ್ಲಿ ಯಾರಾದ್ರೂ ಆ ಕಡೆ ಹೋದ್ರೆ ನೇರವಾಗಿ ಉಪಯೋಗ ಆಗುತ್ತೆ. ಹೋಗದಿದ್ರೂ ಒಂದು ಗದ್ದೆ ಬೆಟ್ಟದ ಮೇಲೆ ಹೇಗೆ ನಿಂತಿರುತ್ತೆ ಅನ್ನೋದು ತಿಳಿಯುತ್ತೆ.

ಯಾವ ಊರು?

ಫಿಲಿಪೈನ್ಸ್‌ನ ಉತ್ತರದ ದೊಡ್ಡ ದ್ವೀಪ ಲೂಜೋನ್. ಅದರ ಮಧ್ಯೆ ಕೊರ್ಡಿಲೇರಾ ಅನ್ನುವ ಬೆಟ್ಟಸಾಲು. ಆ ಬೆಟ್ಟಗಳಲ್ಲಿ ಇಫುಗಾವ್ ಅನ್ನೋ ಪ್ರಾಂತ್ಯ, ಅಲ್ಲಿನ ಜನರ ಹೆಸರೂ ಇಫುಗಾವ್. ಈ ಗದ್ದೆಗಳನ್ನ ಕಟ್ಟಿದ್ದು ಅವರೇ, ಇವತ್ತು ಉಳುಮೆ ಮಾಡ್ತಿರೋದೂ ಅವರೇ.

ಎಲ್ಲರಿಗೂ ಗೊತ್ತಿರೋ ಹೆಸರು ಬನಾವೆ. ಫಿಲಿಪೈನ್ಸ್‌ನ 20 ಪೆಸೊ ನೋಟಿನ ಹಿಂಭಾಗದಲ್ಲಿ ಇರೋ ಚಿತ್ರ ಬನಾವೆ ಗದ್ದೆಗಳದ್ದೇ. ಬಸ್ಸು ಹೋಗಿ ನಿಲ್ಲೋದೂ ಬನಾವೆ ಪಟ್ಟಣದಲ್ಲಿ. ಆದ್ರೆ ಒಂದು ವಿಚಿತ್ರ ಇದೆ. 1995ರಲ್ಲಿ ಯುನೆಸ್ಕೋ ಈ ಗದ್ದೆಗಳನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಐದು ಗುಂಪುಗಳನ್ನ ಆರಿಸಿತು: ಬಟಾಡ್, ಬಂಗಾನ್, ಮಯೊಯಾವ್, ಹುಂಗ್ದುವಾನ್ ಮತ್ತು ನಗಕಡಾನ್. ನೋಟಿನ ಮೇಲಿರೋ ಗದ್ದೆಗಳು ಈ ಪಟ್ಟಿಯಲ್ಲಿಲ್ಲ! ಪಟ್ಟಣ ಬೆಳೆದು ಗದ್ದೆಗಳ ಮಧ್ಯೆ ಹೊಸ ಮನೆ, ತಗಡಿನ ಚಾವಣಿ ತುಂಬ ಬಂದಿವೆ. ಅಂದ್ರೆ ಬನಾವೆ ನೋಡಬಾರದು ಅಂತಲ್ಲ. ಅರ್ಧ ಗಂಟೆ ನಿಂತು ನೋಡಿ ಮುಂದೆ ಹೋದ್ರೆ ಆಯ್ತು.

ನನ್ನ ಪ್ಲ್ಯಾನಿಗೆ ಬಟಾಡ್ ಆರಿಸಿದೆ. ಬನಾವೆಯಿಂದ ಸುಮಾರು 16 ಕಿಲೋಮೀಟರ್. ಊರಿನ ಸುತ್ತ ಬೆಟ್ಟ ಅರ್ಧ ಚಂದ್ರನ ಹಾಗೆ ಬಾಗಿದೆ, ಆ ಬಾಗಿನ ಉದ್ದಕ್ಕೂ ಮೇಲಿನಿಂದ ಕೆಳಗಿನವರೆಗೆ ಗದ್ದೆ. ನಮ್ಮ ಕಾಲೇಜಿನ ಓಪನ್ ಏರ್ ಥಿಯೇಟರ್ ನೆನಪಿಸ್ಕೊಳ್ಳಿ, ಮೆಟ್ಟಿಲಿನ ಜಾಗದಲ್ಲಿ ಗದ್ದೆ ಇಡಿ, ಸ್ಟೇಜ್ ಇರೋ ಜಾಗದಲ್ಲಿ ಹಳ್ಳಿ ಇಡಿ. ವಾಹನ ಊರೊಳಗೆ ಹೋಗಲ್ಲ. ಇದೇ ಮುಖ್ಯ ಕಾರಣ. ನಡೆದು ಹೋದ್ರೆ ಮಾತ್ರ ನೀರಿನ ದಾರಿ ಕಾಣುತ್ತೆ, ಜೀಪಿನ ಕಿಟಕಿಯಿಂದ ಕಾಣಲ್ಲ.

ಯಾವ ತಿಂಗಳು?

ಟಿಕೆಟ್ ಮಾಡೋ ಮುಂಚೆ ಬೆಳೆಯ ಕ್ಯಾಲೆಂಡರ್ ನೋಡ್ಬೇಕು. ಅಲ್ಲಿನ ಹಳೆಯ ಭತ್ತದ ತಳಿಗಳಿಗೆ ತಿನಾವೊನ್ ಅಂತಾರೆ. ಅವರ ಭಾಷೆಯಲ್ಲಿ "ತವೊನ್" ಅಂದ್ರೆ ವರ್ಷ. ವರ್ಷಕ್ಕೊಂದೇ ಬೆಳೆ ಕೊಡೋದು ಅನ್ನೋದೇ ಹೆಸರಿನ ಅರ್ಥ. ಚಳಿಯ ಎತ್ತರದ ಜಾಗ, ಬನಾವೆ ಸುತ್ತ ಗದ್ದೆಗಳು ಸುಮಾರು 1,500 ಮೀಟರ್‌ವರೆಗೂ ಹತ್ತುತ್ತವೆ, ಹಾಗಾಗಿ ಬೆಳೆ ನಿಧಾನ. ಸ್ಥೂಲವಾಗಿ ಹೀಗಿರುತ್ತೆ:

ಡಿಸೆಂಬರ್‌ನಿಂದ ಫೆಬ್ರವರಿ: ಗದ್ದೆ ತುಂಬ ನೀರು, ಸಸಿಮಡಿ, ನಾಟಿ ಶುರು. ಬೆಟ್ಟದ ತುಂಬ ಕನ್ನಡಿ ಇಟ್ಟ ಹಾಗೆ. ಆದ್ರೆ ಮಂಜು, ಜಿಟಿಜಿಟಿ ಮಳೆ, ಚಳಿ.

ಏಪ್ರಿಲ್, ಮೇ: ಪೂರ್ತಿ ಹಸಿರು. ಹವಾಮಾನ ಒಳ್ಳೆಯದು.

ಜೂನ್‌ನಿಂದ ಜುಲೈ: ತೆನೆ ಹಣ್ಣಾಗಿ ಹಳದಿ, ಕೊಯ್ಲು.

ಜುಲೈನಿಂದ ಅಕ್ಟೋಬರ್: ಚಂಡಮಾರುತದ ಕಾಲ. ರಸ್ತೆಗೆ ಗುಡ್ಡ ಕುಸಿಯೋದು ಸಾಮಾನ್ಯ. ಎರಡೇ ದಿನ ಇರೋರು ಈ ಸಮಯದಲ್ಲಿ ಹೋಗದಿರೋದೇ ವಾಸಿ, ಒಂದು ಕುಸಿತ ಆದ್ರೆ ಸೋಮವಾರದ ಆಫೀಸು ಹೋಯ್ತು.

ಎತ್ತರ ಬದಲಾದ ಹಾಗೆ ದಿನಾಂಕವೂ ಬದಲಾಗುತ್ತೆ, ಕಣಿವೆಯ ಗದ್ದೆ ಬೇಗ, ಮೇಲಿನದ್ದು ತಡ. ಆದ್ದರಿಂದ ಉಳಿಯೋ ಮನೆಯವರಿಗೆ ಮೊದಲೇ ಮೆಸೇಜ್ ಮಾಡಿ "ಗದ್ದೆ ಈಗ ಹೇಗಿದೆ" ಅಂತ ಕೇಳೋದು ಒಳ್ಳೇದು. ಅಣ್ಣನಿಗೆ ನಾನು ಮೇ ತಿಂಗಳ ಎರಡನೇ ವಾರ ಹೇಳಿದೆ.

ಶುಕ್ರವಾರ ರಾತ್ರಿ

ಮನಿಲಾದಿಂದ ಬನಾವೆಗೆ ರಾತ್ರಿ ಬಸ್ಸುಗಳಿವೆ. ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಹೊರಟ್ರೆ ಬೆಳಗ್ಗೆ ಏಳರ ಸುಮಾರಿಗೆ ಬನಾವೆ. ಸುಮಾರು 350 ಕಿಲೋಮೀಟರ್. ಬೆಂಗಳೂರಿಂದ ನಮ್ಮ ಸಾಗರದ ಕಡೆಗೆ ರಾತ್ರಿ ಬಸ್ಸು ಹತ್ತಿದ ಹಾಗೇ, ಇನ್ನೊಂದೆರಡು ಗಂಟೆ ಜಾಸ್ತಿ. ಮೊದಲು ಬಯಲಿನ ಭತ್ತದ ನಾಡು, ಆಮೇಲೆ ಡಾಲ್ಟನ್ ಪಾಸ್ ಅನ್ನೋ ಘಾಟಿ, ಬಗಬಗ್ ಅನ್ನೋ ಊರಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದ್ರೆ ಇಫುಗಾವ್ ಬೆಟ್ಟಗಳು ಶುರು.

ಒಂದೇ ಎಚ್ಚರಿಕೆ: ಬಸ್ಸಿನ ಏಸಿ. ಆ ದೇಶದ ರಾತ್ರಿ ಬಸ್ಸುಗಳ ಚಳಿ ಎಷ್ಟು ಪ್ರಸಿದ್ಧ ಅಂದ್ರೆ, ಪ್ರವಾಸದ ಬಗ್ಗೆ ಬರೆಯೋರು ಯಾರೂ ಅದನ್ನ ಹೇಳದೆ ಬಿಡಲ್ಲ. ಸ್ವೆಟರ್, ಟೋಪಿ, ಸಾಕ್ಸ್ ಬ್ಯಾಗಿನ ಅಡಿಗೆ ಹಾಕದೆ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ. ವಾಪಸ್ ಬರೋ ಟಿಕೆಟ್ಟೂ ಮೊದಲೇ ಮಾಡಿಸಿ. ಭಾನುವಾರ ಸಂಜೆ ಎಲ್ಲರೂ ಅದೇ ಬಸ್ಸಿಗೇ ಕಾಯ್ತಿರ್ತಾರೆ.

ಶನಿವಾರ: ಮೇಲಿನಿಂದ ಕೆಳಗೆ

ಬನಾವೆಯಲ್ಲಿ ತಿಂಡಿ, ಹಣ ತೆಗೆಯೋ ಕೆಲಸ ಮುಗಿಸಿ. ಬಟಾಡ್‌ನಲ್ಲಿ ಎಟಿಎಂ ಇಲ್ಲ, ಸಣ್ಣ ನೋಟು ಬೇಕು. ಮೊಬೈಲ್ ಸಿಗ್ನಲ್ ಕೂಡ ಅಷ್ಟಕ್ಕಷ್ಟೆ. ಅಲ್ಲಿಂದ ಜೀಪ್ನಿ ಅಥವಾ ಟ್ರೈಸಿಕಲ್. ಜೀಪ್ನಿ ಅಂದ್ರೆ ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನ ಉದ್ದ ಮಾಡಿ ಜನ ಕೂರಿಸೋದಕ್ಕೆ ಶುರು ಮಾಡಿದ ವಾಹನ, ಈಗ ಆ ದೇಶದ ಗುರುತೇ ಅದು. ಟ್ರೈಸಿಕಲ್ ಅಂದ್ರೆ ಬೈಕಿಗೆ ಪಕ್ಕದ ಡಬ್ಬಿ ಸೇರಿಸಿದ ಅವರ ಆಟೋ. ರಸ್ತೆ ಮುಗಿಯೋ ಕಡೆ ಇಳಿದು, ಹೆಸರು ಬರೆಸಿ, ಊರಿಗೆ ಕೊಡಬೇಕಾದ ಸಣ್ಣ ಶುಲ್ಕ ಕೊಟ್ಟು, ಒಬ್ಬ ಸ್ಥಳೀಯ ಗೈಡ್ ಕರ್ಕೊಂಡು ನಡೆಯೋಕೆ ಶುರು ಮಾಡೋದು.

ಇಲ್ಲಿ ಎಲ್ಲರೂ ಮಾಡೋದು ಏನಂದ್ರೆ ಸೀದಾ ಕೆಳಗಿಳಿದು ಫೋಟೋ ತೆಗೆಯೋದು. ನನ್ನ ಪ್ಲ್ಯಾನಿನಲ್ಲಿ ಮೊದಲು ತಲೆ ಎತ್ತಿ ಮೇಲೆ ನೋಡ್ಬೇಕು.

ಮೊದಲನೆಯದು ಕಾಡು. ಗದ್ದೆಗಳ ಮೇಲ್ಗಡೆ ಇರೋ ಕಾಡಿಗೆ ಮುಯೊಂಗ್ ಅಂತಾರೆ. ಅದು ಸರ್ಕಾರದ ಕಾಡಲ್ಲ, ಕುಟುಂಬಗಳು ಗದ್ದೆ ಜೊತೆಗೇ ನೋಡ್ಕೊಂಡು ಬಂದಿರೋ ಕಾಡು. ಸೌದೆ, ಮನೆಗೆ ಮರ ಎಲ್ಲ ಅಲ್ಲಿಂದಲೇ ತಗೊಳ್ತಾರೆ, ಆದ್ರೆ ಪೂರ್ತಿ ಕಡಿಯಲ್ಲ. ಯಾಕಂದ್ರೆ ಮಳೆ ನೀರನ್ನ ಹಿಡಿದಿಟ್ಟು ಬೇಸಿಗೆಯಲ್ಲೂ ಒರತೆಯಾಗಿ ಬಿಡೋದು ಆ ಕಾಡಿನ ಮಣ್ಣೇ. ಇದನ್ನ ಓದಿದಾಗ ನನಗೆ ನಮ್ಮ ಕಡೆಯ ಸೊಪ್ಪಿನ ಬೆಟ್ಟ ನೆನಪಾಯ್ತು. ಅಡಿಕೆ ತೋಟಕ್ಕೆ ಸೊಪ್ಪು, ದರಗು ತರೋದಕ್ಕೆ ಅಂತ ತೋಟದ ಜೊತೆಗೇ ಬಂದ ಬೆಟ್ಟ. ಬೆಳೆ ಬೇರೆ, ಲೆಕ್ಕ ಒಂದೇ: ಕೆಳಗಿನದ್ದು ಉಳಿಬೇಕಾದ್ರೆ ಮೇಲಿನದ್ದು ಉಳಿಬೇಕು.

ಎರಡನೆಯದು ಕಾಲುವೆ. ಒರತೆ, ತೊರೆಗಳಿಂದ ಬೆಟ್ಟದ ಮೈ ಹಿಡಿದು ಸಣ್ಣ ಇಳಿಜಾರಿನಲ್ಲಿ ನೀರು ತರೋ ಕಾಲುವೆಗಳು. ಇಳಿಜಾರು ಜಾಸ್ತಿ ಆದ್ರೆ ಕಾಲುವೆ ಕೊರೆದು ಹೋಗುತ್ತೆ, ಕಡಿಮೆ ಆದ್ರೆ ಹೂಳು ತುಂಬುತ್ತೆ. ನಾವು ಸರ್ವೇ ಲ್ಯಾಬಿನಲ್ಲಿ ಡಂಪಿ ಲೆವೆಲ್ ಇಟ್ಕೊಂಡು ಮೂರು ಸಲ ರೀಡಿಂಗ್ ತಪ್ಪು ತಗೊಳ್ತೀವಿ. ಅವರಿಗೆ ನೀರೇ ಲೆವೆಲ್. ನೀರು ಬಿಟ್ಟು ನೋಡಿದ್ರೆ ಎಲ್ಲಿ ಎತ್ತರ ಎಲ್ಲಿ ತಗ್ಗು ಅಂತ ಅದೇ ಹೇಳುತ್ತೆ. ಮಣ್ಣು ಸಾಗಿಸೋದಕ್ಕೂ ನೀರನ್ನೇ ಬಳಸ್ತಿದ್ರು. ಮೇಲಿಂದ ನೀರಿನ ಜೊತೆ ಮಣ್ಣು ಹರಿಸಿ ಹೊಸ ಗದ್ದೆ ತುಂಬಿಸೋದು. ಹೆರಾಲ್ಡ್ ಕಾಂಕ್ಲಿನ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞರು ವರ್ಷಗಟ್ಟಲೆ ಇಫುಗಾವ್ ಜನರ ಜೊತೆ ಕೆಲಸ ಮಾಡಿ 1980ರಲ್ಲಿ ಇಡೀ ಪ್ರದೇಶದ ಒಂದು ದೊಡ್ಡ ನಕಾಶೆ ಪುಸ್ತಕವನ್ನೇ ತಂದಿದ್ದಾರೆ.

ಮೂರನೆಯದು ಗದ್ದೆ. ಒಂದು ಸಣ್ಣ ಲೆಕ್ಕ ಹಾಕಿ. 10 ಮೀಟರ್ ಅಗಲ, 20 ಮೀಟರ್ ಉದ್ದದ ಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತ್ರೆ 20 ಘನ ಮೀಟರ್, ಅಂದ್ರೆ 20 ಟನ್ ತೂಕ. ಎರಡು ಲೋಡ್ ಆದ ಲಾರಿಯಷ್ಟು ನೀರು ಬೆಟ್ಟದ ಇಳಿಜಾರಿನ ಮೇಲೆ ಸುಮ್ಮನೆ ಕೂತಿದೆ! ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಇದು ಯಾಕೆ ಜಾರಿ ಬೀಳಲ್ಲ?

ಅದಕ್ಕೆ ಉತ್ತರ ನಾಲ್ಕನೆಯದರಲ್ಲಿದೆ: ಗೋಡೆ.

ಗೋಡೆ ಹೇಗೆ ನಿಂತಿದೆ

ಬಟಾಡ್‌ನ ಗೋಡೆಗಳು ಕಲ್ಲಿನವು. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಕೆಲವು ಆಳೆತ್ತರಕ್ಕಿಂತ ಜಾಸ್ತಿ ಇವೆ. ಗೋಡೆ ನೆಟ್ಟಗಿರದೆ ಸ್ವಲ್ಪ ಬೆಟ್ಟದ ಕಡೆಗೆ ಒರಗಿರುತ್ತೆ. ಗೋಡೆಯ ಹಿಂದೆ ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ನೀರು ಇಂಗದ ಹಾಗೆ ತುಳಿದ ಜೇಡಿಮಣ್ಣು, ಎಲ್ಲಕ್ಕಿಂತ ಮೇಲೆ ಬೆಳೆ ಬೆಳೆಯೋ ಕೆಸರು ಮಣ್ಣು.

ಸೀನಿಯರ್ ಒಬ್ಬರ ಸಾಯಿಲ್ ಮೆಕ್ಯಾನಿಕ್ಸ್ ನೋಟ್ಸ್ ತಗೊಂಡು ಒಂದು ಲೆಕ್ಕ ಮಾಡಿ ನೋಡಿದೆ. ಗೋಡೆಯ ಹಿಂದಿನ ಮಣ್ಣು ಗೋಡೆಯನ್ನ ದೂಡೋ ಬಲ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತೆ. ಅಂದ್ರೆ ಎತ್ತರ ಎರಡರಷ್ಟಾದ್ರೆ ಬಲ ನಾಲ್ಕರಷ್ಟು. 6 ಮೀಟರಿನ ಒಂದು ಗೋಡೆಗೆ 36 ಪಾಲು ಬಲ ಬಿದ್ರೆ, ಅದನ್ನೇ ಒಂದರಿಂದ ಒಂದು ದೂರ ಇಟ್ಟು 3 ಮೀಟರಿನ ಎರಡು ಗೋಡೆ ಮಾಡಿದ್ರೆ ಒಂದೊಂದಕ್ಕೆ 9 ಪಾಲು ಮಾತ್ರ, ಒಟ್ಟು 18. ಮೆಟ್ಟಿಲು ಮಾಡಿದ್ದು ಚಂದಕ್ಕಲ್ಲ.

ಇನ್ನು ನೀರು. 3 ಮೀಟರ್ ಗೋಡೆ, ಹಿಂದೆ ಒಣಗಿದ ಸಾಧಾರಣ ಮಣ್ಣು ಇದ್ರೆ ಒಂದು ಮೀಟರ್ ಉದ್ದಕ್ಕೆ ಸುಮಾರು 27 ಕಿಲೋನ್ಯೂಟನ್ ಬಲ ಬೀಳುತ್ತೆ. ಅದೇ ಗೋಡೆಯ ಹಿಂದೆ ನೀರು ತುಂಬಿ ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ ಸುಮಾರು 58. ಎರಡು ಪಟ್ಟಿಗಿಂತ ಜಾಸ್ತಿ. ನಮ್ಮ ಊರುಗಳಲ್ಲಿ ಮಳೆಗಾಲಕ್ಕೆ ಹೊಸ ಕಾಂಕ್ರೀಟ್ ತಡೆಗೋಡೆ ಮುಗ್ಗರಿಸೋದು ಬಹಳ ಸಲ ಇದೇ ಕಾರಣಕ್ಕೆ, ನೀರು ಹೋಗೋ ತೂತು ಇಟ್ಟಿರಲ್ಲ ಅಥವಾ ಕಟ್ಟಿಹೋಗಿರುತ್ತೆ. ಗಾರೆ ಇಲ್ಲದ ಕಲ್ಲಿನ ಗೋಡೆಗೆ ಪ್ರತಿ ಸಂದಿಯೂ ಒಂದು ತೂತೇ. ಮೇಲೆ ಜೇಡಿಮಣ್ಣು ನೀರನ್ನ ಹಿಡಿಯುತ್ತೆ, ತಪ್ಪಿಸಿಕೊಂಡು ಕೆಳಗಿಳಿದ ಸ್ವಲ್ಪ ನೀರು ಕಲ್ಲಿನ ಸಂದಿಯಿಂದ ಹೊರಗೆ ಹೋಗುತ್ತೆ, ಹೋಗಿ ಕೆಳಗಿನ ಗದ್ದೆಗೇ ಸೇರುತ್ತೆ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಜಗತ್ತಿನ ಐತಿಹಾಸಿಕ ಸಿವಿಲ್ ನಿರ್ಮಾಣಗಳ ತನ್ನ ಪಟ್ಟಿಯಲ್ಲಿ ಈ ಗದ್ದೆಗಳನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ.

ಈಗ ನನಗೆ ತುಂಬ ಆಶ್ಚರ್ಯ ಆದ ವಿಷಯ. ಇಷ್ಟು ನೀರು ಇರೋದು ಅಪಾಯ ಅಂತ ನಮಗೆ ಅನ್ಸುತ್ತೆ. ಆದ್ರೆ ಈ ಗದ್ದೆಗೆ ನಿಜವಾದ ಅಪಾಯ ಒಣಗೋದು. ಕೊಯ್ಲಾದ ಮೇಲೂ ಅವರು ಗದ್ದೆಯಲ್ಲಿ ನೀರು ಇಡ್ತಾರೆ. ಒಂದು ಬೇಸಿಗೆ ನೀರು ನಿಲ್ಲಿಸಿಬಿಟ್ರೆ ಜೇಡಿಮಣ್ಣು ಬಿರುಕು ಬಿಡುತ್ತೆ. ಮುಂದಿನ ಮಳೆಗೆ ನೀರು ಆ ಬಿರುಕಿನಲ್ಲಿ ಸೀದಾ ಒಳಗಿಳಿದು, ಸಣ್ಣ ಮಣ್ಣನ್ನ ಎಳ್ಕೊಂಡು, ಗೋಡೆಯ ಹಿಂದೆ ಸೇರುತ್ತೆ. ಗೋಡೆ ಹೊಟ್ಟೆ ಉಬ್ಬುತ್ತೆ, ಒಂದಿನ ಜಾರುತ್ತೆ. ಅದು ಬಿದ್ದದ್ದು ಕೆಳಗಿನವರ ಗದ್ದೆ ಮೇಲೆ. ಅಂದ್ರೆ ಒಬ್ಬರು ಬೇಸಾಯ ಬಿಟ್ರೆ ನಷ್ಟ ಅವರೊಬ್ಬರದ್ದೇ ಅಲ್ಲ.

ಶನಿವಾರ ರಾತ್ರಿ

ಊರಲ್ಲಿ ಉಳಿಯೋಕೆ ಸಣ್ಣ ಹೋಮ್‌ಸ್ಟೇಗಳಿವೆ. ಸರಳ ಕೋಣೆ, ಅನ್ನ, ತರಕಾರಿ, ಮೊಟ್ಟೆ. ಹಳೆಯ ಇಫುಗಾವ್ ಮನೆ ಸಿಕ್ರೆ ಅದರ ಕಂಬ ನೋಡಿ. ನಾಲ್ಕು ಕಂಬದ ಮೇಲೆ ಮನೆ ಎತ್ತಿ ನಿಲ್ಲಿಸಿರ್ತಾರೆ, ಪ್ರತಿ ಕಂಬದ ಮೇಲ್ತುದಿಯ ಹತ್ತಿರ ಒಂದು ಅಗಲವಾದ ಮರದ ಬಿಲ್ಲೆ. ಅದು ಅಲಂಕಾರ ಅಲ್ಲ, ಇಲಿ ಹತ್ತದ ಹಾಗೆ ತಡೆ. ಭತ್ತ ಇಡೋದು ಒಳಗೆ, ಅಟ್ಟದ ಮೇಲೆ. ಭತ್ತ ಕಾಯೋದಕ್ಕೆ ಬುಲುಲ್ ಅನ್ನೋ ಮರದ ವಿಗ್ರಹಗಳೂ ಇರುತ್ತವೆ.

ಹುದ್‌ಹುದ್ ಅನ್ನೋ ಹಾಡುಗತೆ ಕೂಡ ಇವರದ್ದೇ. ಬಿತ್ತನೆಯಲ್ಲಿ, ಕೊಯ್ಲಿನಲ್ಲಿ, ಸಾವಿನ ಮನೆಯ ಜಾಗರಣೆಯಲ್ಲಿ ಹಾಡ್ತಾರೆ. ಮುಂದೆ ನಿಂತು ಹಾಡೋದು ಹೆಚ್ಚಾಗಿ ವಯಸ್ಸಾದ ಹೆಂಗಸರು. 200ಕ್ಕೂ ಹೆಚ್ಚು ಹಾಡುಗತೆಗಳಿವೆ, ಒಂದೊಂದು ಪೂರ್ತಿ ಹಾಡೋಕೆ ಮೂರು ನಾಲ್ಕು ದಿನ ಬೇಕಾಗುತ್ತೆ ಅಂತಾರೆ. ಎರಡು ದಿನಕ್ಕೆ ಹೋದವರು "ನಮಗೆ ಸ್ವಲ್ಪ ಹಾಡಿ ತೋರಿಸಿ" ಅಂತ ಕೇಳೋದು ಸರಿಯಲ್ಲ. ಅದಕ್ಕೂ ಒಂದು ಸಮಯ ಇದೆ.

ರಾತ್ರಿ ಊಟಕ್ಕೆ ಕೂತಾಗ ಬರೋ ಪ್ರಶ್ನೆ ಒಂದೇ: ಈ ಗದ್ದೆಗಳಿಗೆ ಎಷ್ಟು ವರ್ಷ? ಗೈಡ್‌ಗಳೂ ಪುಸ್ತಕಗಳೂ 2,000 ವರ್ಷ ಅಂತ ಹೇಳ್ತವೆ. ಯುನೆಸ್ಕೋ ವಿವರಣೆಯಲ್ಲೂ ಅದೇ ಇದೆ. ಆದ್ರೆ ಸ್ಟೀಫನ್ ಅಕಬಾಡೊ ಅನ್ನೋ ಪುರಾತತ್ವಜ್ಞರು ಮತ್ತು ಅವರ ತಂಡ ಕಿಯಾಂಗಾನ್ ಹತ್ತಿರದ ಹಳೆಯ ಊರೊಂದನ್ನ ಅಗೆದು, ಕಾರ್ಬನ್ ಡೇಟಿಂಗ್ ಮಾಡಿ ಬೇರೆ ಉತ್ತರ ಕೊಟ್ಟಿದ್ದಾರೆ. ಅವರ ಪ್ರಕಾರ ಮೊದಲು ಇಲ್ಲಿ ಬೆಳೀತಿದ್ದದ್ದು ಕೆಸು, ಹೌದು, ನಮ್ಮ ಪತ್ರೊಡೆಯ ಕೆಸುವಿನ ಜಾತಿಯದ್ದೇ. ಸುಮಾರು 400 ವರ್ಷದ ಹಿಂದೆ ಸ್ಪೇನಿನವರು ಕೆಳಗಿನ ಕಣಿವೆಗೆ ಬಂದಾಗ ಜನ ಬೆಟ್ಟಕ್ಕೆ ಸರಿದು, ಆಮೇಲೆ ಭತ್ತದ ಗದ್ದೆ ಭರದಿಂದ ಬೆಳೆಯಿತು. ಇದನ್ನ ಒಪ್ಪದವರೂ ಇದ್ದಾರೆ. ನನಗಂತೂ 400 ಅಂದ ಕೂಡಲೇ ಗೌರವ ಕಡಿಮೆ ಆಗಲಿಲ್ಲ. ಕೆಲವೇ ತಲೆಮಾರಿನಲ್ಲಿ ಇಷ್ಟು ಕಟ್ಟಿದ್ರು ಅಂದ್ರೆ ಇನ್ನೂ ದೊಡ್ಡದು ಅನ್ನಿಸ್ತು.

ಭಾನುವಾರ

ಬೆಳಗ್ಗೆ ಬೇಗ ಎದ್ದು ಗದ್ದೆ ಬದುಗಳ ಮೇಲೆ ನಡೆದು ಊರಿನ ಆ ಕಡೆ ಹೋಗಿ, ಅಲ್ಲಿಂದ ತಪ್ಪಿಯಾ ಜಲಪಾತಕ್ಕೆ ಇಳಿಯೋದು. ನಿನ್ನೆ ಕಾಡಿನಿಂದ ಶುರುವಾದ ದಾರಿ ಇಲ್ಲಿ ಹೊಳೆ ಹತ್ತಿರ ಮುಗಿಯುತ್ತೆ. ಇಳಿಯೋದು ಸುಲಭ, ಹತ್ತೋದು ಕಷ್ಟ, ಮೆಟ್ಟಿಲು ಕಡಿದಾಗಿವೆ. ಮಳೆ ಬಂದಿದ್ರೆ ಜಲಪಾತ ಬಿಟ್ಟು ಊರಲ್ಲೇ ಇರಿ. ಬದುವಿನ ಒಂದು ಪಕ್ಕ ಕೆಸರು, ಇನ್ನೊಂದು ಪಕ್ಕ ಗೋಡೆಯಷ್ಟು ಪ್ರಪಾತ. ಕೆಸರಿನ ಕಡೆ ಬೀಳೋದು ಅಭ್ಯಾಸ ಮಾಡ್ಕೊಳ್ಳಿ ಅಂತ ಅಣ್ಣನಿಗೆ ಗೈಡ್ ಹೇಳಿದ್ರಂತೆ.

ಮಧ್ಯಾಹ್ನ ಊಟ ಮುಗಿಸಿ ಮೇಲೆ ಹತ್ತಿ, ಜೀಪ್ನಿಯಲ್ಲಿ ಬರ್ತಾ ರಸ್ತೆಯಿಂದಲೇ ಬಂಗಾನ್ ನೋಡಬಹುದು, ಗದ್ದೆಗಳ ಮಧ್ಯೆ ದ್ವೀಪದ ಹಾಗೆ ಕೂತಿರೋ ಪುಟ್ಟ ಹಳ್ಳಿ. ಸಂಜೆ ಬನಾವೆ, ರಾತ್ರಿ ಬಸ್ಸು, ಸೋಮವಾರ ನಸುಕಿಗೆ ಮನಿಲಾ. ಪ್ಲ್ಯಾನ್ ಇಷ್ಟೆ.

ಯಾರು ನೋಡ್ಕೊಳ್ತಾರೆ?

2001ರಲ್ಲಿ ಯುನೆಸ್ಕೋ ಈ ಗದ್ದೆಗಳನ್ನ ಅಪಾಯದಲ್ಲಿರೋ ಪರಂಪರೆಯ ಪಟ್ಟಿಗೆ ಹಾಕಿತು. ತುಂಬ ಕಡೆ ಗೋಡೆ ಬಿದ್ದಿತ್ತು, ಕಾಲುವೆ ಮುಚ್ಚಿಹೋಗಿತ್ತು. ರಿಪೇರಿ, ಕಾನೂನು, ಊರಿನವರ ದುಡಿಮೆ ಎಲ್ಲ ಸೇರಿ 2012ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂದವು. ಆದ್ರೆ ಕಾರಣಗಳು ಇನ್ನೂ ಹೋಗಿಲ್ಲ. ದೊಡ್ಡ ಎರೆಹುಳುಗಳು ಬದು, ಗೋಡೆಗಳಲ್ಲಿ ತೂತು ಕೊರೀತವೆ. 1980ರ ದಶಕದಲ್ಲಿ ತಿನ್ನೋದಕ್ಕೆ ಅಂತ ದಕ್ಷಿಣ ಅಮೆರಿಕದಿಂದ ದೇಶಕ್ಕೆ ತಂದ ಗೋಲ್ಡನ್ ಆಪಲ್ ಅನ್ನೋ ಬಸವನಹುಳು ಎಳೆ ಸಸಿ ತಿಂದು ಹಾಕುತ್ತೆ. ಎಲ್ಲಕ್ಕಿಂತ ದೊಡ್ಡದು, ದುಡಿಯೋ ಕೈ ಇಲ್ಲ. ಸಂಪ್ರದಾಯದ ಪ್ರಕಾರ ಗದ್ದೆ ಮತ್ತು ಮುಯೊಂಗ್ ಹೋಗೋದು ಮನೆಯ ಮೊದಲ ಮಗುವಿಗೆ. ಆ ಮೊದಲ ಮಗು ಈಗ ಓದಿ, ಬಗಿಯೊ ನಗರಕ್ಕೋ ಮನಿಲಾಗೋ ವಿದೇಶಕ್ಕೋ ಹೋಗಿದೆ. ವರ್ಷಕ್ಕೊಂದು ಬೆಳೆಯಿಂದ ಮನೆ ನಡೆಯೋದೂ ಕಷ್ಟ. ಅವರನ್ನ ಬೈಯೋ ಹಕ್ಕು ನಮಗಿಲ್ಲ.

ನನಗಂತೂ ಇಲ್ಲವೇ ಇಲ್ಲ. ಸಾಗರದ ಹತ್ತಿರ ನಮ್ಮ ಅಜ್ಜಿಯ ಗದ್ದೆ ಇದೆ. ಹಳ್ಳದ ಪಕ್ಕ ಐದಾರು ಮೆಟ್ಟಿಲು. ಬದುವಿಗೆ ನಮ್ಮ ಕಡೆ ಅಂಚು ಅಂತೀವಿ. ಅಜ್ಜ ಇದ್ದಾಗ ಪ್ರತಿ ವರ್ಷ ಅಂಚು ಕಡಿದು ಕೆಸರು ಮೆತ್ತುತ್ತಿದ್ರು. ಅಜ್ಜ ಹೋದ ಮೇಲೆ ಆಳು ಸಿಗಲ್ಲ, ಸಿಕ್ರೂ ಕೂಲಿ ಕೊಟ್ಟು ಲಾಭ ಇಲ್ಲ ಅಂತ ಮೂರು ವರ್ಷದಿಂದ ಹಡಿಲು ಬಿಟ್ಟಿದ್ದೇವೆ. ಹೋದ ಮಳೆಗಾಲ ಮೇಲಿನ ಅಂಚು ಜಾರಿ ಎರಡನೇ ಗದ್ದೆಗೆ ಬಿತ್ತು. ಆಗ "ಜೋರು ಮಳೆ, ಅದಕ್ಕೆ" ಅಂತ ನಾವೆಲ್ಲ ಅಂದ್ಕೊಂಡ್ವಿ. ಬಟಾಡ್ ಬಗ್ಗೆ ಓದಿದ ಮೇಲೆ ಅನ್ನಿಸ್ತು, ಮಳೆ ಹಿಂದೆಯೂ ಬರ್ತಿತ್ತು. ಬಾರದೇ ಹೋಗಿದ್ದು ನಾವು.

ಆದ್ದರಿಂದ ಪ್ಲ್ಯಾನಿನ ಕೊನೆಯ ಸಾಲುಗಳು ದುಡ್ಡಿನದ್ದು. ಬನಾವೆಯ ಹೋಟೆಲಿನಲ್ಲಿ ಉಳಿದು ಬಟಾಡ್ ನೋಡಿ ಬರೋ ಬದಲು ಬಟಾಡ್‌ನಲ್ಲೇ ಉಳಿಯಿರಿ, ಅಲ್ಲೇ ಊಟ ಮಾಡಿ. ಗೈಡ್ ಆ ಊರಿನವರೇ ಆಗಿರಲಿ, ಚೌಕಾಶಿ ಬೇಡ. ತಿನಾವೊನ್ ಅಕ್ಕಿ ಸಿಕ್ರೆ ಒಂದೆರಡು ಕೆಜಿ ಕೊಂಡ್ಕೊಳ್ಳಿ, ಗದ್ದೆ ಉಳಿಯೋದು ಅಕ್ಕಿ ಮಾರಾಟ ಆದ್ರೆ ಮಾತ್ರ. ಬದುವಿನ ಅಂಚಿನ ಹಸಿ ಮಣ್ಣಿನ ಮೇಲೆ ಕಾಲಿಡದೆ ಕಲ್ಲಿನ ಮೇಲೆ ನಡೀರಿ. ಜನರ ಫೋಟೋ ಕೇಳಿ ತೆಗೀರಿ. ಪ್ಲಾಸ್ಟಿಕ್ ವಾಪಸ್ ತನ್ನಿ, ಅಲ್ಲಿ ಬಿಟ್ಟಿದ್ದು ಕಾಲುವೆಗೇ ಹೋಗೋದು.

ಅಣ್ಣ ಮೇ ತಿಂಗಳಲ್ಲಿ ಹೋಗಿ ಬಂದ. ಪ್ಲ್ಯಾನಿಗೆ ಅವನು ಎರಡು ತಿದ್ದುಪಡಿ ಕಳಿಸಿದ: ಒಂದು ಕೋಲು ತಗೊಳ್ಳಿ, ಮಂಡಿ ಬೇಡುತ್ತೆ; ಸೋಮವಾರ ಸಾಧ್ಯ ಆದ್ರೆ ಅರ್ಧ ದಿನ ರಜೆ ಹಾಕಿ. ಜೊತೆಗೆ ಒಂದು ವಿಡಿಯೋ. ವ್ಯೂ ಪಾಯಿಂಟಿನದ್ದಲ್ಲ. ವಯಸ್ಸಾದ ಒಬ್ಬರು ಬಿದ್ದ ಗೋಡೆಯ ಕಲ್ಲುಗಳನ್ನ ಒಂದೊಂದೇ ತಿರುಗಿಸಿ ನೋಡಿ ಇಡ್ತಾ ಇದ್ರು. ಒಂದು ಕಲ್ಲು ಕೂರದಿದ್ರೆ ಪಕ್ಕಕ್ಕಿಟ್ಟು ಇನ್ನೊಂದು. ಮೂರು ನಿಮಿಷದ ವಿಡಿಯೋದಲ್ಲಿ ನಾಲ್ಕು ಕಲ್ಲು ಇಟ್ರು.

ಅಜ್ಜಿಗೆ ತೋರಿಸಿದೆ. ಅಜ್ಜಿ ಪೂರ್ತಿ ನೋಡಿ, "ಕೆಳಗಿನ ಕಲ್ಲು ಸರಿ ಇಟ್ಟಿದಾರೆ, ನಿಲ್ಲುತ್ತೆ" ಅಂದ್ರು. ಆಮೇಲೆ, "ನಿಂಗೆ ರಜೆ ಯಾವಾಗ?" ಅಂತ ಕೇಳಿದ್ರು. ಎಕ್ಸಾಮ್ ಮುಗಿದ ಮೇಲಿನ ಮೊದಲ ವೀಕೆಂಡ್ ಅಂತ ಹೇಳಿದ್ದೀನಿ. ಆ ಪ್ಲ್ಯಾನಿನಲ್ಲೂ ಜಾಗ ಒಂದೇ: ಮೇಲಿನ ಅಂಚು.